ಕೊಕ್ಕರೆ ನೋಟಿಗೆ ಮಾದರಿ ಮೊಹರು

ಕೈಪಿಡಿಯಲ್ಲಿರುವ ಚಿತ್ರದಂತೆ ಇದ್ದರೆ ಮಾತ್ರ ಹಳೆಯ ನೋಟು ನೋಟಾಗಿರತಕ್ಕದ್ದು. ಇಲ್ಲದಿದ್ದಲ್ಲಿ ಅದು ಕಾಗದವಾಗಿರತಕ್ಕದ್ದು. ಇದು ನಮ್ಮ ಮಳಿಗೆಯ ನಿಯಮ. ನಿಯಮವನ್ನೂ ಕೈಪಿಡಿಯನ್ನೂ ಬರೆದವನು ನಾನೇ ಆದ್ದರಿಂದ ಎರಡರಲ್ಲೂ ತಪ್ಪಿಲ್ಲವೆಂದು ಮೊದಲಿಗೇ ತಿಳಿಸುತ್ತೇನೆ.

ನಾನು ಗೃಹೋಪಯೋಗಿ ವಸ್ತುಗಳ ಒಂದು ದೊಡ್ಡ ಮಳಿಗೆಯಲ್ಲಿ ನಗದು ತರಬೇತಿ ಅಧಿಕಾರಿ. ಕೆಳಗಿನ ಅಂತಸ್ತಿನಲ್ಲಿ ಒಲೆ ಮತ್ತು ಫ್ಯಾನು, ಮೇಲಿನ ಅಂತಸ್ತಿನಲ್ಲಿ ಫ್ರಿಜ್ಜು ಮತ್ತು ಬಟ್ಟೆ ಒಗೆಯುವ ಯಂತ್ರ, ಇವೆರಡರ ನಡುವೆ ಮೆಟ್ಟಿಲು ತಿರುಗುವಲ್ಲಿ ನಾನು. ಗಲ್ಲಾದಲ್ಲಿ ಕೂರುವ ಹೊಸಬರಿಗೆಲ್ಲ ಮೂರು ದಿನ ಪಾಠ ಮಾಡಿ, ಕೊನೆಗೆ ನಲವತ್ತನಾಲ್ಕು ಪುಟದ ಕೈಪಿಡಿ ಕೊಟ್ಟು ಕಳಿಸುವುದು ನನ್ನ ಕೆಲಸ. ಗಿರಾಕಿಯ ಎದುರು ಬೆರಳಿಗೆ ಎಂಜಲು ಹಚ್ಚಿ ನೋಟು ಎಣಿಸಬಾರದು ಎಂಬ ವಿಷಯಕ್ಕೇ ಅದರಲ್ಲಿ ಎರಡು ಪುಟ ಮೀಸಲಿಟ್ಟಿದ್ದೇನೆ. ಈಗಿನ ನೋಟುಗಳನ್ನು ಈ ಹೊಸಬರು ದಿನವೂ ಮುಟ್ಟುವುದರಿಂದ ಅವುಗಳ ಚಿತ್ರ ಹಾಕಿಲ್ಲ. ಹಳೆಯ ನೋಟುಗಳ ಚಿತ್ರ ಮಾತ್ರ ಮೂವತ್ತೊಂದನೆಯ ಪುಟದಲ್ಲಿದೆ.

ಇಲ್ಲೊಂದು ಸಣ್ಣ ಸಂಗತಿ. ನೋಟಿನ ಚಿತ್ರವನ್ನು ಪುಸ್ತಕದಲ್ಲಿ ಅಚ್ಚು ಹಾಕುವಾಗ, ಯಾವನಾದರೂ ಬುದ್ಧಿವಂತ ಅದನ್ನೇ ಕತ್ತರಿಸಿ ಚಲಾಯಿಸಿಬಿಟ್ಟಾನು ಎಂಬ ಭಯಕ್ಕೆ, ಅಚ್ಚಿನವರು ಚಿತ್ರದ ಮೇಲೆ ಅಡ್ಡಲಾಗಿ ಕೆಂಪಕ್ಷರದಲ್ಲಿ 'ಮಾದರಿ' ಎಂದು ಹಾಕುತ್ತಾರೆ. ನಮ್ಮ ಕೈಪಿಡಿಯಲ್ಲೂ ಹಾಗೇ ಹಾಕಿದ್ದರು. ಏಕೆ ಹಾಕಿದ್ದಾರೆ ಎಂದು ಕೆಳಗೆ ಒಂದು ಸಾಲು ಬರೆಯಬಹುದಿತ್ತು. ಎಂಜಲಿನ ವಿಷಯ ಎರಡು ಪುಟಕ್ಕೆ ಬೆಳೆದುಬಿಟ್ಟಿದ್ದರಿಂದ ಜಾಗ ಸಾಲಲಿಲ್ಲ.

ಒಂದು ಮಂಗಳವಾರ ಬಾಗಿಲು ತೆರೆದ ಹತ್ತು ನಿಮಿಷಕ್ಕೆ ಕಾಲರಮ್ಮ ಬಂದರು. ಅವರು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಅಂಗಿಯ ಕಾಲರನ್ನು ಮಾತ್ರ ಹೊಲಿದವರು. ತೋಳು ಹೊಲಿಯುವವರು ಬೇರೆ, ಜೇಬು ಹೊಲಿಯುವವರು ಬೇರೆ. ಆ ಮೂವತ್ತೊಂದು ವರ್ಷದಲ್ಲಿ ಅವರು ಒಂದು ಪೂರ್ತಿ ಅಂಗಿಯನ್ನು ಕಾರ್ಖಾನೆಯೊಳಗೆ ಕಂಡವರಲ್ಲ. ಹಾಗಾಗಿ ಯಾರನ್ನು ನೋಡಿದರೂ ಅವರ ಕಣ್ಣು ಮೊದಲು ಕುತ್ತಿಗೆಗೆ ಹೋಗುತ್ತದೆ, ಮುಖಕ್ಕೆ ಬಿಡುವಿದ್ದರೆ ಬರುತ್ತದೆ. ಜೊತೆಗೆ ಅವರ ಯಜಮಾನರಿದ್ದರು, ನಿವೃತ್ತ ಬಸ್ ಕಂಡಕ್ಟರು. ಸೊಂಟಕ್ಕೆ ಅಂಗೈಯಗಲದ ಪಟ್ಟಿ ಕಟ್ಟಿಕೊಂಡಿದ್ದ ಅವರಿಗೆ ಬಗ್ಗಲು ಬರುತ್ತಿರಲಿಲ್ಲ. ಬೈಯಲು ಬರುತ್ತಿತ್ತು.

ಕಾಲರಮ್ಮನವರ ಎರಡೂ ಮಣಿಕಟ್ಟು ಸವೆದುಹೋಗಿದ್ದವು. ಇನ್ನೊಂದು ವರ್ಷ ಒದ್ದೆ ಬಟ್ಟೆ ಹಿಂಡಿದರೆ ಆಮೇಲೆ ಲೋಟ ಎತ್ತಲೂ ಇನ್ನೊಬ್ಬರನ್ನು ಕರೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಯಂತ್ರ ಕೊಡಿಸುತ್ತೇನೆಂದು ಮಗಳು ಮುಂದೆ ಬಂದಿದ್ದಳು. ಇವರು ಒಪ್ಪಿರಲಿಲ್ಲ.

"ಕೈ ಹೋಗಿದ್ದು ನನ್ನ ದುಡಿಮೆಯಲ್ಲಿ. ಕೈ ಉಳಿಯೋದೂ ನನ್ನ ದುಡಿಮೆಯಲ್ಲೇ ಆಗಲಿ," ಎಂದು ಅವರು ಗಲ್ಲಾದ ಹುಡುಗಿಗೆ ಹೇಳಿ ಹದಿನಾರು ನೋಟು ಮುಂದಿಟ್ಟರು. ಎಲ್ಲವೂ ಸಾವಿರದವು. ಹದಿನೈದು ಯಂತ್ರಕ್ಕೆ, ಒಂದು ಅದನ್ನು ಮನೆಗೆ ಸಾಗಿಸುವ ಗಾಡಿಗೆ. ಕೆಲಸದ ಮೊದಲ ಹದಿನಾರು ವರ್ಷ ಬಂದ ಬೋನಸ್ಸಿನಲ್ಲಿ ಒಂದೊಂದು ನೋಟನ್ನು ಯಜಮಾನರು ತೊಡುವುದು ಬಿಟ್ಟ ಹಳೆಯ ಅಂಗಿಗಳ ಕಾಲರಿನೊಳಗೆ ಇಟ್ಟು ಹೊಲಿದಿದ್ದರಂತೆ. ಅದಕ್ಕೇ ನೋಟುಗಳು ಸ್ವಲ್ಪ ಬಾಗಿದ್ದವು.

ಹುಡುಗಿಗೆ ಇಪ್ಪತ್ತೆರಡು ವರ್ಷ. ನನ್ನ ತರಬೇತಿಯಲ್ಲಿ ಮೊದಲನೆಯವಳು. ಅವಳು ನೋಟನ್ನು ಎತ್ತಿ ಬೆಳಕಿಗೆ ಹಿಡಿದಳು.

"ಅಮ್ಮಾ, ಇದು ಯಾವ ಅಂಗಡಿ ಕೂಪನ್ನು?"

"ಕೂಪನ್ನಲ್ಲ ಮಗಳೇ, ನೋಟು."

"ಸಾವಿರದ ನೋಟಲ್ಲಿ ಸೇತುವೆ ಇರುತ್ತೆ. ಇದ್ರಲ್ಲಿ ಹಕ್ಕಿ ಇದೆ."

"ಸೇತುವೆ ಬರೋಕೆ ಮುಂಚೆ ಹಕ್ಕಿನೇ ಇದ್ದಿದ್ದು. ಇವತ್ತಿಗೂ ನಡೆಯುತ್ತೆ."

"ಒಂದೇ ಕಾಲಲ್ಲಿ ನಿಂತಿದೆಯಲ್ಲ, ಇನ್ನೊಂದು ಕಾಲು ಅಚ್ಚಾಗಿಲ್ವಾ?"

"ಅದು ಕೊಕ್ಕರೆ ಕಣಮ್ಮಾ. ಅದು ನಿಲ್ಲೋದೇ ಹಾಗೆ."

ಹುಡುಗಿ ವಾದಕ್ಕಿಳಿಯಲಿಲ್ಲ. ವಾದಕ್ಕಿಳಿಯಬಾರದೆಂದು ಆರನೆಯ ಪುಟದಲ್ಲಿದೆ. ಅವಳು ನೇರವಾಗಿ ಮೂವತ್ತೊಂದನೆಯ ಪುಟ ತೆಗೆದು ನೋಟನ್ನು ಚಿತ್ರದ ಪಕ್ಕ ಇಟ್ಟಳು. ಕೊಕ್ಕರೆ ಸರಿಹೊಂದಿತು. ಕೊಕ್ಕರೆ ನಿಂತ ನೀರು ಸರಿಹೊಂದಿತು. ನೀರಿನ ಹಿಂದಿನ ಮೂರು ಮರವೂ ಸರಿಹೊಂದಿದವು. ಅವಳ ಮುಖ ಅರಳಿತು. ಆಮೇಲೆ ಮುದುಡಿತು.

"ಅಮ್ಮಾ, ತಪ್ಪು ತಿಳ್ಕೋಬೇಡಿ. ನಿಮ್ಮ ನೋಟಲ್ಲಿ 'ಮಾದರಿ' ಅಂತ ಬರೆದಿಲ್ಲ."

ನನ್ನನ್ನು ಕರೆಸಿದರು.

ನಿಜ ಹೇಳುತ್ತೇನೆ, ಆ ನೋಟನ್ನು ಕಂಡೊಡನೆ ನನಗೆ ಗುರುತು ಸಿಕ್ಕಿತು. ನನ್ನ ಮೊದಲ ಸಂಬಳದಲ್ಲಿ ಬಂದದ್ದು ಇಂಥದೇ ಎರಡು ಕೊಕ್ಕರೆ. ಮನೆಗೆ ಹೋಗುವವರೆಗೂ ಜೇಬಿನ ಮೇಲೆ ಕೈ ಇಟ್ಟುಕೊಂಡೇ ನಡೆದಿದ್ದೆ. ಆದರೆ ಕೈಪಿಡಿಯ ನಾಲ್ಕನೆಯ ನಿಯಮ ಹೀಗಿದೆ: 'ಸಿಬ್ಬಂದಿಯ ನೆನಪನ್ನು ದಾಖಲೆಯೆಂದು ಪರಿಗಣಿಸತಕ್ಕದ್ದಲ್ಲ.' ನಾನೇ ಬರೆದದ್ದು. ಬರೆದವನೇ ಮುರಿದರೆ ಓದುವವರ ಗತಿಯೇನು? ನೋಟನ್ನೂ ಚಿತ್ರವನ್ನೂ ಭೂತಗನ್ನಡಿಯಲ್ಲಿ ನೋಡಿ, "ಹುಡುಗಿ ಹೇಳೋದು ಸರಿ," ಎಂದೆ.

"ಏನ್ರೀ ಸರಿ?" ಕಂಡಕ್ಟರು ಎದ್ದರು. "ಮೂವತ್ತು ವರ್ಷ ಬೆರಳ ಸಂದಿಯಲ್ಲಿ ನೋಟು ಇಟ್ಟುಕೊಂಡು ನಿಂತವನು ನಾನು. ಕತ್ತಲಲ್ಲಿ ಮೂಸಿ ನೋಡಿ ಹತ್ತರದ್ದೋ ನೂರರದ್ದೋ ಹೇಳ್ತಿದ್ದೆ. ನನಗೆ ನೋಟು ಯಾವುದು ಅಂತ ಹೇಳ್ಕೊಡ್ತೀರಾ?"

"ಮೂಸುವುದು ಕೈಪಿಡಿಯಲ್ಲಿಲ್ಲ."

"ನಿಮ್ಮ ಕಾಲರು ಬೆವರಿಗೆ ಹಳದಿಯಾಗಿದೆ ಸಾರ್," ಎಂದರು ಕಾಲರಮ್ಮ, ಬಹಳ ಸಮಾಧಾನದಿಂದ. "ಅದೂ ಕೈಪಿಡಿಯಲ್ಲಿಲ್ಲ. ಆದ್ರೂ ಆಗಿದೆ."

ಸಂದೇಹಾಸ್ಪದ ನೋಟನ್ನು ಹೊಂದಿದವರ ಜೊತೆ ಅಧಿಕಾರಿಯೊಬ್ಬರು ಬ್ಯಾಂಕಿಗೆ ಹೋಗತಕ್ಕದ್ದೆಂಬ ನಿಯಮವಿದೆ. ಅದರಂತೆ ಮೂವರೂ ರಸ್ತೆ ದಾಟಿ ಬ್ಯಾಂಕಿಗೆ ಹೋದೆವು. ದಾರಿಯುದ್ದಕ್ಕೂ ಕಂಡಕ್ಟರು ನನ್ನನ್ನು ಟಿಕೆಟ್ಟಿಲ್ಲದ ಪ್ರಯಾಣಿಕನಂತೆ ನೋಡುತ್ತಿದ್ದರು.

ಬ್ಯಾಂಕಿನ ಕಿಟಕಿಯಲ್ಲಿದ್ದವನಿಗೂ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಅವನು ನೋಟನ್ನು ಒಳಗೆ ತೆಗೆದುಕೊಂಡು ಹೋಗಿ, ಹಿರಿಯರಿಗೆ ತೋರಿಸಿ, ನಗುನಗುತ್ತಾ ಹೊರಗೆ ಬಂದ.

"ಅಮ್ಮಾ, ಒಳ್ಳೇ ಸುದ್ದಿ. ನಿಮ್ಮ ನೋಟು ಸರಿಯಾಗಿದೆಯಂತೆ."

"ಬದುಕಿದೆ. ಬದಲಾಯಿಸಿ ಸೇತುವೆದು ಕೊಡಪ್ಪಾ."

"ಸರಿಯಾಗಿರೋದನ್ನ ಬದಲಾಯಿಸೋಕೆ ಬರಲ್ಲಮ್ಮ. ಹರಿದಿದ್ರೆ ಬದಲಾಯಿಸಬಹುದು."

"ಕೊಡಿಲ್ಲಿ, ಹರಿದುಕೊಡ್ತೀನಿ," ಎಂದರು ಕಂಡಕ್ಟರು.

"ಬೇಕಂತ ಹರಿದ್ರೆ ಅಪರಾಧ ಆಗುತ್ತೆ ಅಂಕಲ್. ತಾನಾಗೇ ಹರೀಬೇಕು."

"ಯಾವಾಗ ಹರಿಯುತ್ತೆ?"

ಹುಡುಗ ನೋಟನ್ನು ಎರಡೂ ಕಡೆ ತಿರುಗಿಸಿ ನೋಡಿದ. "ತುಂಬಾ ಚೆನ್ನಾಗಿ ಇಟ್ಟುಕೊಂಡಿದೀರಿ. ತಡ ಆಗಬಹುದು," ಎಂದು ನಿಜವಾದ ಅನುಕಂಪದಿಂದ ಹೇಳಿದ.

ಖಾತೆಗೆ ಜಮಾ ಮಾಡಲು ಕೇಳಿದಾಗ, ಜಮಾ ಮಾಡುವುದೆಲ್ಲ ಈಗ ಯಂತ್ರದ ಕೆಲಸವೆಂದು ಮೂಲೆಯ ಕಡೆಗೆ ಕೈ ತೋರಿಸಿದ. ಕಾಲರಮ್ಮ ಅಲ್ಲಿಗೆ ಹೋಗಿ ನೋಟು ತೂರಿಸಿದರು. ಯಂತ್ರ ಅದನ್ನು ನುಂಗಿತು, ಒಳಗೆ ಸ್ವಲ್ಪ ಹೊತ್ತು ಗುಡುಗುಡು ಎಂದಿತು, ಆಮೇಲೆ ಹೊರಗೆ ಉಗುಳಿ 'ದಯವಿಟ್ಟು ಹಣ ಹಾಕಿ' ಎಂದು ಬರೆದು ತೋರಿಸಿತು. ಅದಕ್ಕೂ ಸೇತುವೆಯಷ್ಟೇ ಗೊತ್ತು. ಅದು ಆ ಹುಡುಗನಿಗಿಂತ ಚಿಕ್ಕದು.

"ನೋಟು ಸರಿಯಾಗಿದೆ ಅಂತ ಬರೆದಾದ್ರೂ ಕೊಡು," ಎಂದರು ಕಂಡಕ್ಟರು.

"ಪ್ರಮಾಣಪತ್ರ ಕೊಡ್ತೀವಿ ಅಂಕಲ್. ಐನೂರು ಶುಲ್ಕ. ಹೊಸ ನೋಟಲ್ಲೇ ಕಟ್ಟಬೇಕು."

ಕಾಲರಮ್ಮ ಬ್ಯಾಂಕಿನ ಬೆಂಚಿನ ಮೇಲೆ ಕುಳಿತು ಮಣಿಕಟ್ಟು ಒತ್ತಿಕೊಂಡರು. ಕಣ್ಣಲ್ಲಿ ನೀರೇನೂ ಬರಲಿಲ್ಲ. "ಮನೇಲಿ ಎರಡು ಬಕೆಟ್ ಬಟ್ಟೆ ನೆನೆಸಿಟ್ಟು ಬಂದಿದೀನಿ. ಇವತ್ತು ಹಿಂಡೋದು ತಪ್ಪುತ್ತೆ ಅಂದುಕೊಂಡಿದ್ದೆ," ಎಂದಷ್ಟೇ ಅಂದರು. ನಾನು ಕೈಪಿಡಿ ತೆರೆದು ಪುಟ ತಿರುವಿದೆ. ನೆನೆಸಿಟ್ಟ ಬಟ್ಟೆಯ ವಿಷಯವೂ ಅದರಲ್ಲಿಲ್ಲ.

ಮಳಿಗೆಗೆ ಹಿಂತಿರುಗಿ ವ್ಯವಸ್ಥಾಪಕರಿಗೆ ವರದಿ ಒಪ್ಪಿಸಿದೆ. ನಮ್ಮ ವ್ಯವಸ್ಥಾಪಕರು ಸಾಮಾನ್ಯವಾಗಿ ಯಾವ ವರದಿಯನ್ನೂ ಓದುವವರಲ್ಲ. ಆದರೆ ಆ ತಿಂಗಳ ಗುರಿ ತಲುಪಲು ಒಂದೇ ಒಂದು ಒಗೆಯುವ ಯಂತ್ರದ ಮಾರಾಟ ಬಾಕಿಯಿತ್ತು, ಗುರಿ ತಲುಪಿದರೆ ಅವರಿಗೆ ಬಹುಮಾನವಿತ್ತು. ಆದ್ದರಿಂದ ಓದಿದರು. ಓದಿ, ಕೂಡಲೇ ತುರ್ತು ಸಭೆ ಕರೆದರು. ಸಭೆಯಲ್ಲಿದ್ದವರು ಅವರು, ನಾನು ಮತ್ತು ಗಲ್ಲಾದ ಹುಡುಗಿ.

"ನೋಟಿನ ತಪ್ಪೇನು?" ಎಂದು ಕೇಳಿದರು.

"ಮಾದರಿ ಅಂತ ಇಲ್ಲ ಸಾರ್," ಎಂದಳು ಹುಡುಗಿ.

"ಮಾದರಿ ಅಂದ್ರೇನು? ಮಾದರಿ ಶಾಲೆ ಅಂತೀವಿ, ಮಾದರಿ ಗ್ರಾಮ ಅಂತೀವಿ, ಮಾದರಿ ಸೊಸೆ ಅಂತೀವಿ. ಅಂದ್ರೆ ಉಳಿದವರು ನೋಡಿ ಕಲೀಬೇಕಾದ್ದು. ಅಲ್ವಾ?"

"ಹೌದು ಸಾರ್."

"ಅಂದ್ಮೇಲೆ ಈ ನೋಟಿನಲ್ಲಿ ಐಬಿಲ್ಲ. ಇದಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ, ಅಷ್ಟೇ. ನಾವೇ ಸಲ್ಲಿಸೋಣ."

ಆ ಪದಕ್ಕೆ ಅಂಥದೊಂದು ಅರ್ಥವಿರುವುದು ನನಗೂ ಗೊತ್ತಿತ್ತು. ಆದರೆ ಅದನ್ನು ನೋಟಿಗೆ ಅನ್ವಯಿಸುವ ಎದೆಗಾರಿಕೆ ಇರುವುದು ವ್ಯವಸ್ಥಾಪಕರಿಗೆ ಮಾತ್ರ. ಅದಕ್ಕೇ ಅವರ ಕೋಣೆಗೆ ಏಸಿ ಇದೆ.

ಮೊಹರು ಹುಡುಕಬೇಕಾಗಿ ಬರಲಿಲ್ಲ. ಪ್ರದರ್ಶನ ವಿಭಾಗದಲ್ಲಿ ಒಂದಿತ್ತು. ಗಾಜಿನ ಮುಂದೆ ನೋಡಲಿಕ್ಕಷ್ಟೇ ಇಡುವ ಪದಾರ್ಥಗಳಿಗೆ ಒತ್ತುವ 'ಮಾದರಿ, ಮಾರಾಟಕ್ಕಲ್ಲ' ಎಂಬ ರಬ್ಬರು ಮೊಹರು. ವರ್ಷಗಟ್ಟಲೆ ಒತ್ತಿ ಒತ್ತಿ 'ಮಾರಾಟಕ್ಕಲ್ಲ' ಎಂಬುದು ಸವೆದುಹೋಗಿ ಮೊದಲ ಪದ ಮಾತ್ರ ಉಳಿದಿತ್ತು. ಕೆಂಪು ಶಾಯಿಯೂ ಇತ್ತು. ಮಧ್ಯಾಹ್ನದೊಳಗೆ ಸುತ್ತೋಲೆ ಹೊರಟಿತು:

'ಈ ಮೂಲಕ ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಕೊಕ್ಕರೆಯುಳ್ಳ ನೋಟುಗಳನ್ನು ಮೊಹರಿನ ಮುಖಾಂತರ ಮಾದರಿಗೊಳಿಸಿದ ತರುವಾಯ ಸ್ವೀಕರಿಸತಕ್ಕದ್ದು. ಮಾದರಿಗೊಳಿಸುವ ಶುಲ್ಕ ಪ್ರತಿ ಗಿರಾಕಿಗೆ ಒಂದು ಸಾವಿರ. ಸದರಿ ಶುಲ್ಕವನ್ನು ಮಾದರಿಗೊಳಿಸಿದ ನೋಟಿನಲ್ಲೇ ಪಾವತಿಸತಕ್ಕದ್ದು.'

"ನನ್ನ ನೋಟಿಗೆ ನಿಮ್ಮ ಮೊಹರು ಒತ್ತೋಕೆ ನಾನೇ ದುಡ್ಡು ಕೊಡಬೇಕಾ?" ಎಂದರು ಕಾಲರಮ್ಮ.

"ಒತ್ತಿಸಿಕೊಳ್ಳುತ್ತಿರುವವರು ನೀವಲ್ಲವೇ," ಎಂದೆ.

"ದೇವರು ವರ ಕೊಟ್ಟರೂ ಪೂಜಾರಿ ಕೊಡ," ಎಂದರು ಕಂಡಕ್ಟರು. ಗಾಡಿಗಿಟ್ಟಿದ್ದ ಹದಿನಾರನೆಯ ನೋಟು ಹಾಗೆ ಶುಲ್ಕಕ್ಕೆ ಸಂದಿತು.

ಹದಿನಾರು ಸಲ ನಾನೇ ಒತ್ತಿದೆ. ಹುಡುಗಿ ಒಂದೊಂದನ್ನೂ ಮೂವತ್ತೊಂದನೆಯ ಪುಟಕ್ಕೆ ಹೋಲಿಸಿ, "ಈಗ ಅಸಲಿ ಆಯ್ತು," ಎಂದು ಖುಷಿಯಿಂದ ಗಲ್ಲಾಕ್ಕೆ ಹಾಕಿದಳು. ಸಂಜೆ ಅವನ್ನು ಬ್ಯಾಂಕಿಗೆ ಕಟ್ಟಲು ಒಯ್ದಾಗ ಅಲ್ಲಿನ ಹುಡುಗ ಮೊಹರು ಕಂಡು, ಯಂತ್ರದ ಮಾತೆತ್ತದೆ, ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡ. ಅವರ ಕೈಪಿಡಿ ಅಚ್ಚಾದದ್ದೂ ನಮ್ಮ ಅಚ್ಚಿನವರಲ್ಲೇ ಎಂದು ಆಮೇಲೆ ತಿಳಿಯಿತು.

ಬಿಲ್ಲಿನಲ್ಲಿ ಹುಡುಗಿ ಪಾವತಿಯ ವಿಧ ಎಂಬಲ್ಲಿ 'ಮಾದರಿ' ಎಂದು ನಮೂದಿಸಿದ್ದಳು. ಬಿಲ್ಲು ಉಗ್ರಾಣಕ್ಕೆ ಹೋಯಿತು. ಉಗ್ರಾಣದವನು ಇಪ್ಪತ್ತು ವರ್ಷದಿಂದ ಬಿಲ್ಲಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಕಳಿಸಿಕೊಟ್ಟವನು. ಮಾದರಿ ಎಂದಿತ್ತು. ಗಾಜಿನ ಮುಂದೆ ನಿಂತಿದ್ದ ಮಾದರಿ ಯಂತ್ರವನ್ನು ಇಳಿಸಿ, ಒರೆಸಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಗಾಡಿಯಿಲ್ಲದೆ ಒಬ್ಬನ ತಲೆಯ ಮೇಲೆ ಹೊರಿಸಿ ಕಳಿಸಿದ.

ಆ ಯಂತ್ರವನ್ನು ನೀವು ನೋಡಬೇಕು. ಬೆಳ್ಳಗೆ, ಗುಂಡಗಿನ ಬಾಗಿಲು, ಒಂಬತ್ತು ಗುಂಡಿ. ಗುಂಡಿ ಒತ್ತಿದರೆ ನೀಲಿ ದೀಪವೂ ಹತ್ತುತ್ತದೆ, ಒಳಗೆ ಗಡಿಯಾರದ ಸೆಲ್ಲು ಇಟ್ಟಿದ್ದಾರೆ. ಮೋಟಾರು ಮಾತ್ರ ಇಲ್ಲ. ಹಿಂಭಾಗವೂ ಇಲ್ಲ, ಏಕೆಂದರೆ ಗೋಡೆಗೆ ಒರಗಿಸಿಟ್ಟ ಪದಾರ್ಥದ ಬೆನ್ನು ನೋಡುವವರಾರು?

ಬುಧವಾರ ಬೆಳಿಗ್ಗೆ ಕಾಲರಮ್ಮ ಮತ್ತೆ ಬಂದರು.

"ಬಟ್ಟೆ ಹಾಕಿ ಗುಂಡಿ ಒತ್ತಿದೆ ಸಾರ್. ದೀಪ ಹತ್ತಿತು. ಒಂದು ಗಂಟೆ ಕಾದೆ. ಬಾಗಿಲು ತೆಗೆದ್ರೆ ಬಟ್ಟೆ ಹಾಕಿದ ಹಾಗೇ ಇದೆ. ಬಗ್ಗಿ ಒಳಗೆ ನೋಡಿದ್ರೆ ಆ ಕಡೆ ನಮ್ಮ ಮನೆ ಗೋಡೆ ಕಾಣುತ್ತೆ."

ಬಿಲ್ಲು ತರಿಸಿ ನೋಡಿದೆ. ಎಲ್ಲ ಕ್ರಮಬದ್ಧವಾಗಿತ್ತು. "ಅಮ್ಮಾ, ನೀವು ಕೊಟ್ಟದ್ದು ಮಾದರಿ ಹಣ. ನಿಮಗೆ ಬಂದಿರುವುದು ಮಾದರಿ ಯಂತ್ರ. ಲೆಕ್ಕ ಸರಿಹೋಗಿದೆ."

"ಮಾದರಿ ಅಂದ್ರೆ ಎಲ್ಲರೂ ನೋಡಿ ಕಲೀಬೇಕಾದ್ದು ಅಂತ ಗಲ್ಲಾದ ಹುಡುಗಿ ಹೇಳಿದ್ಲಲ್ಲ?"

"ಹೌದು. ನೋಡಿ ಕಲಿಯಬಹುದು. ಒಗೆಯುವುದು ಬೇರೆ ವಿಷಯ."

ಅವರು ನನ್ನ ಕಾಲರನ್ನೇ ಬಹಳ ಹೊತ್ತು ನೋಡಿ ಎದ್ದುಹೋದರು.

ಈ ನಡುವೆ ಊರಿನಲ್ಲಿ ನಮ್ಮ ಮೊಹರಿನ ಕೀರ್ತಿ ಹಬ್ಬಿಬಿಟ್ಟಿತ್ತು. ಕೊಕ್ಕರೆ ಇದ್ದವರು ಬಂದರು, ಸರಿ. ಆಮೇಲೆ ಸೇತುವೆಯವರೂ ಬರತೊಡಗಿದರು. ಬರಿಯ ನೋಟಿಗಿಂತ ಮಾದರಿ ನೋಟು ಮೇಲಲ್ಲವೇ? ಶುಕ್ರವಾರದ ಹೊತ್ತಿಗೆ ಸಾಲು ಮೆಟ್ಟಿಲಿಳಿದು, ರಸ್ತೆ ದಾಟಿ, ಬ್ಯಾಂಕಿನ ಒಳಗೆ ಹೋಗಿ, ಅಲ್ಲಿನ ಸಾಲಿನ ಜೊತೆ ಸೇರಿ, ಯಾವ ಸಾಲು ಯಾರದೆಂದು ಯಾರಿಗೂ ತಿಳಿಯದಂತಾಯಿತು. ತರಕಾರಿ ಗಾಡಿಯವನು ಮೊಹರಿಲ್ಲದ ಹತ್ತರ ನೋಟನ್ನು ಎರಡು ಬೆರಳಲ್ಲಿ ಎತ್ತಿ ಹಿಂದಕ್ಕೆ ಕೊಟ್ಟನಂತೆ. ಒಬ್ಬ ಅತ್ತೆ ಸೊಸೆಯ ಕೈ ಹಿಡಿದುಕೊಂಡು ಬಂದು, ಅವಳ ಅಂಗೈ ಮುಂದೆ ಚಾಚಿಸಿ, "ಇಲ್ಲೊಂದು ಒತ್ತಿಬಿಡಿ," ಎಂದರು. ಸೊಸೆ, "ಮೊದಲು ಅತ್ತೆಗೆ," ಎಂದಳು. ಇಬ್ಬರಿಗೂ ಒತ್ತಿ ಎರಡು ಶುಲ್ಕ ಪಡೆದೆವು. ಮೊಹರು ಒತ್ತಿ ಒತ್ತಿ ನನ್ನ ಬಲಗೈ ಮಣಿಕಟ್ಟು ಬಾತುಕೊಂಡಿತು. ರಾತ್ರಿ ಊಟಕ್ಕೆ ಕುಳಿತಾಗ ಲೋಟ ಎತ್ತಲಾಗದೆ ಎಡಗೈ ಆಸರೆ ಕೊಟ್ಟೆ. ಆಗ ನನಗೆ ಕಾಲರಮ್ಮ ನೆನಪಾದರು. ನೆನಪಾದದ್ದನ್ನು ಯಾರಿಗೂ ಹೇಳಲಿಲ್ಲ.

ಶನಿವಾರ ಕಾಲರಮ್ಮ ಮೂರನೆಯ ಸಲ ಬಂದರು. ಈ ಸಲ ಕೈಯಲ್ಲಿ ಖಾತರಿ ಚೀಟಿಯಿತ್ತು. ಅದು ಮಾದರಿಯದಾಗಿರಲಿಲ್ಲ, ನಿಜವಾದದ್ದೇ ಆಗಿತ್ತು, ಏಕೆಂದರೆ ಪೆಟ್ಟಿಗೆಯೊಳಗೆ ಚೀಟಿ ಹಾಕುವುದು ಬೇರೆ ವಿಭಾಗ. ಅವರು ನೇರ ವ್ಯವಸ್ಥಾಪಕರ ಕೋಣೆಗೆ ನುಗ್ಗಿದರು. ನಾನೂ ಹಿಂದೆ ಓಡಿದೆ.

"ಓದಿ ಸಾರ್," ಎಂದರು.

ವ್ಯವಸ್ಥಾಪಕರು ಓದಿದರು. 'ಖರೀದಿಸಿದ ದಿನದಿಂದ ಎರಡು ವರ್ಷದೊಳಗೆ ಮೋಟಾರು ಕೆಲಸ ಮಾಡದಿದ್ದಲ್ಲಿ ಮಳಿಗೆಯು ಏಳು ದಿನದಲ್ಲಿ ಬದಲಿ ಮೋಟಾರನ್ನು ಒದಗಿಸತಕ್ಕದ್ದು.'

"ನನ್ನ ಮೋಟಾರು ಕೆಲಸ ಮಾಡ್ತಿಲ್ಲ," ಎಂದರು ಕಾಲರಮ್ಮ.

"ಅಮ್ಮಾ, ನಿಮ್ಮ ಯಂತ್ರದಲ್ಲಿ ಮೋಟಾರೇ ಇಲ್ಲವಲ್ಲ."

"ಇಲ್ಲದೇ ಇರೋದು ಕೆಲಸ ಮಾಡುತ್ತಾ?"

ವ್ಯವಸ್ಥಾಪಕರು ಯೋಚಿಸಿದರು. "ಮಾಡಲ್ಲ."

"ಮಾಡದಿದ್ರೆ ಬದಲಿ ಕೊಡಬೇಕು ಅಂತ ನಿಮ್ಮ ಚೀಟೀಲೇ ಇದೆ."

ಉಗ್ರಾಣದವನನ್ನು ಕರೆಸಿ ಕೇಳಿದರು. ಮೋಟಾರು ದಾಸ್ತಾನಿನಲ್ಲಿಲ್ಲ, ತರಿಸಬೇಕಾದರೆ ಐದಾರು ತಿಂಗಳು, ಎಂದ. ವ್ಯವಸ್ಥಾಪಕರು ಹಣೆ ಒರೆಸಿಕೊಂಡರು. ಗುರಿ ತಲುಪಿದ ಬಹುಮಾನ ಆಗಲೇ ಅವರ ಕೈಸೇರಿ ಅರ್ಧ ಖರ್ಚಾಗಿತ್ತು. ದೂರು ದಾಖಲಾದರೆ ಮಾರಾಟ ರದ್ದು, ಮಾರಾಟ ರದ್ದಾದರೆ ಬಹುಮಾನ ವಾಪಸು.

"ನಿಮ್ಮ ಪ್ರಕಾರ ಮೋಟಾರು ಅಂದ್ರೆ ಏನಮ್ಮ?" ಎಂದು ಕೇಳಿದರು.

"ನಾನು ಓದಿದವಳಲ್ಲ ಸಾರ್. ನೀವು ಏನಕ್ಕೆ ಮೊಹರು ಒತ್ತಿ ಏನು ಅಂತೀರೋ ಅದೇ ಅದು. ಕಾಗದಕ್ಕೆ ಒತ್ತಿದ್ರೆ ನೋಟು ಅಂದ್ರಿ. ಡಬ್ಬಕ್ಕೆ ಒತ್ತಿದ್ರೆ ಯಂತ್ರ ಅಂದ್ರಿ. ಈಗ ಯಾವುದಕ್ಕಾದ್ರೂ ಒತ್ತಿ ಮೋಟಾರು ಅಂತ ಬರೆದುಕೊಡಿ. ನನಗೆ ಬಟ್ಟೆ ಹಿಂಡಿ ಕೊಟ್ರೆ ಸಾಕು."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ವ್ಯವಸ್ಥಾಪಕರು ಖಾತರಿ ಚೀಟಿಯನ್ನು ತಿರುಗಿಸಿದರು. ಹಿಂಬದಿಯಲ್ಲಿ 'ಜವಾಬ್ದಾರಿ' ಎಂಬಲ್ಲಿ ಒಂದು ಸಹಿಯಿತ್ತು. ಎಲ್ಲ ಚೀಟಿಗಳಿಗೂ ವರ್ಷದ ಮೊದಲ ದಿನವೇ ಒಟ್ಟಿಗೆ ಸಹಿ ಮಾಡಿ ಇಟ್ಟುಬಿಡುವುದು ನನ್ನ ಪದ್ಧತಿ. ಮೂವರೂ ನನ್ನನ್ನು ನೋಡಿದರು. ಕಾಲರಮ್ಮ ಮೊದಲ ಬಾರಿಗೆ ಕಾಲರು ಬಿಟ್ಟು ಮುಖವನ್ನೇ ನೋಡಿದರು.

ಆದೇಶ ಅಲ್ಲೇ ಸಿದ್ಧವಾಯಿತು. ವಿಧಿಯಾಟ ನೋಡಿ, ಬೆರಳಚ್ಚು ಮಾಡಬೇಕಾದವನೂ ನಾನೇ:

'ದಾಸ್ತಾನಿಗೆ ಮೋಟಾರು ಬರುವವರೆಗೆ ನಗದು ತರಬೇತಿ ಅಧಿಕಾರಿಯವರನ್ನು ಮಂಗಳವಾರ ಮತ್ತು ಶುಕ್ರವಾರಗಳಂದು ಸದರಿ ಗಿರಾಕಿಯ ಯಂತ್ರಕ್ಕೆ ಮೋಟಾರನ್ನಾಗಿ ನಿಯೋಜಿಸಲಾಗಿದೆ. ಅವರು ಯಂತ್ರದ ಹಿಂಭಾಗದಿಂದ ಒಳಸೇರತಕ್ಕದ್ದು. ಚಾಲನೆಯಲ್ಲಿರುವಾಗ ಗಿರಾಕಿಯೊಂದಿಗೆ ಮಾತಾಡತಕ್ಕದ್ದಲ್ಲ. ಪ್ರಯಾಣ ಭತ್ಯೆ ಇರುವುದಿಲ್ಲ, ಏಕೆಂದರೆ ಬಿಡಿಭಾಗಗಳಿಗೆ ಪ್ರಯಾಣ ಭತ್ಯೆ ಕೊಡುವ ಪದ್ಧತಿಯಿಲ್ಲ.'

ನನ್ನ ಮುಂಗೈಗೆ ಮೊಹರು ಒತ್ತಿದ್ದು ಗಲ್ಲಾದ ಹುಡುಗಿ. ಕೈಪಿಡಿ ತೆಗೆದು ಹೋಲಿಸಲು ಹೊರಟಳು, ಮೋಟಾರಿನ ಚಿತ್ರ ಸಿಗಲಿಲ್ಲ. "ಪರವಾಗಿಲ್ಲ ಸಾರ್, ನಿಮ್ಮ ಮೇಲೆ ನಂಬಿಕೆ ಇದೆ," ಎಂದಳು.

ಮೊದಲ ದಿನ ನನಗೆ ಅವಮಾನವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಅವರ ಬಚ್ಚಲಿನ ಪಕ್ಕ, ಯಂತ್ರದ ಬೆನ್ನ ಹಿಂದೆ, ಒಂದು ಮಣೆ, ಎರಡು ಬಕೆಟ್ಟು, ಒಂದು ನಲ್ಲಿ. ಕಾಲರಮ್ಮ ಮುಂದಿನ ಬಾಗಿಲಿನಿಂದ ಬಟ್ಟೆ ಹಾಕಿ ಗುಂಡಿ ಒತ್ತುತ್ತಾರೆ. ನೀಲಿ ದೀಪ ಹತ್ತಿದೊಡನೆ ನಾನು ಹಿಂದಿನಿಂದ ಬಟ್ಟೆ ಎಳೆದುಕೊಂಡು ಸೋಪು ಹಚ್ಚಿ, ಉಜ್ಜಿ, ಜಾಲಾಡಿ, ಹಿಂಡಿ, ಮತ್ತೆ ಒಳಗಿಡುತ್ತೇನೆ. ಒಗೆತ ಮುಗಿದಾಗ ಮೂರು ಸಲ 'ಟಿಂಗ್' ಎನ್ನಬೇಕು. ಅವರು ಬಾಗಿಲು ತೆಗೆದು ಮೊದಲು ಕಾಲರು ನೋಡುತ್ತಾರೆ.

"ಕಾಲರ್ ಮಡಿಕೆಯಲ್ಲಿ ಕೊಳೆ ಹಾಗೇ ಇದೆ," ಎಂದು ಗುಂಡಿಯ ಹತ್ತಿರ ಬಗ್ಗಿ ಹೇಳುತ್ತಾರೆ. ಯಂತ್ರಕ್ಕೆ, ನನಗಲ್ಲ. "ಒಳಗಡೆಯಿಂದ ಹೊರಗಡೆಗೆ ಉಜ್ಜಬೇಕು."

ಎರಡನೆಯ ವಾರ ಕಂಡಕ್ಟರು ಪೇಪರು ಮಡಿಸಿಟ್ಟು, "ಇವಳೇ, ಈ ಮೋಟಾರು ಸದ್ದೇ ಮಾಡಲ್ವಲ್ಲ, ನಡೀತಿದೆಯಾ ಇಲ್ವಾ ಅಂತಾನೇ ಗೊತ್ತಾಗಲ್ಲ," ಎಂದು ದೂರಿದರು. ಅಂದಿನಿಂದ ಗುಂಯ್ ಎಂದು ಸದ್ದು ಮಾಡತೊಡಗಿದೆ. ಹಿಂಡುವಾಗ ಸ್ವಲ್ಪ ಜೋರಾಗಿ. ಖಾತರಿ ಪರೀಕ್ಷಕರೊಬ್ಬರು ಬಂದು ಯಂತ್ರದ ಮೇಲೆ ಕೈಯಿಟ್ಟು ಕಂಪನ ಪರೀಕ್ಷಿಸಿ, 'ಸುಸ್ಥಿತಿಯಲ್ಲಿದೆ, ಆಗಾಗ ಕೆಮ್ಮುತ್ತದೆ' ಎಂದು ಬರೆದುಕೊಂಡು ಹೋದರು. ನಡುವೆ ಕಾಲರಮ್ಮ ಒಂದು ಲೋಟ ಚಹಾವನ್ನು ಮುಂದಿನ ಬಾಗಿಲಿನಿಂದ ಒಳಗಿಡುತ್ತಾರೆ. ಎಣ್ಣೆ ಹಾಕುವುದು ಎಂದು ಅದಕ್ಕೆ ಹೆಸರು. ಮೊದಮೊದಲು ಎರಡೂ ಕೈಯಲ್ಲಿ ಹಿಡಿದು ತರುತ್ತಿದ್ದರು. ಮೂರು ತಿಂಗಳು ಕಳೆದ ಮೇಲೆ ಒಂದು ದಿನ ನೋಡುತ್ತೇನೆ, ಲೋಟ ಒಂದೇ ಕೈಯಲ್ಲಿ ಬಂತು, ನಡುಗದೆ ಬಂತು. ಯಂತ್ರದ ಹಿಂದೆ ಕುಳಿತು ನನಗೆ ಎಷ್ಟು ಸಂತೋಷವಾಯಿತೆಂದರೆ, ನಿಯಮ ಮೀರಿ ಒಂದು 'ಟಿಂಗ್' ಹೆಚ್ಚಿಗೆ ಅಂದುಬಿಟ್ಟೆ.

ಐದನೆಯ ತಿಂಗಳು ಮೋಟಾರು ಬಂತು. ಅಸಲಿ ಮೋಟಾರು, ತಾಮ್ರದ ಸುರುಳಿ ಸಮೇತ. ವ್ಯವಸ್ಥಾಪಕರು ಖುದ್ದಾಗಿ ಕಾಲರಮ್ಮನವರಿಗೆ ಫೋನು ಮಾಡಿ, ಕಳಿಸಿಕೊಡಲೇ ಎಂದು ಕೇಳಿದರು. ನಾನು ಅವರ ಮೇಜಿನ ಈಚೆ ಕಿವಿಗೊಟ್ಟು ನಿಂತಿದ್ದೆ.

"ಬೇಡ ಸಾರ್," ಎಂದಿತು ಫೋನಿನೊಳಗಿನ ದನಿ. "ಇದಕ್ಕೆ ಈಗತಾನೇ ಕಾಲರು ಒಗೆಯೋದು ಬಂದಿದೆ. ಹೊಸದಕ್ಕೆ ಮತ್ತೆ ಮೊದಲಿಂದ ಹೇಳಿಕೊಡಬೇಕು."

ಹಾಗಾಗಿ ನನ್ನ ನಿಯೋಜನೆ ಕಾಯಂ ಆಯಿತು, ವಾರಕ್ಕೆ ಆರೂ ದಿನ. ಅಕ್ಕಪಕ್ಕದ ಮನೆಯವರ ಬಟ್ಟೆಯನ್ನೂ ಈಗ ಕಾಲರಮ್ಮ ಹಾಕುತ್ತಾರೆ, ಅದಕ್ಕೆ ದರಪಟ್ಟಿ ಇದೆ. ಬಂದ ಮೋಟಾರನ್ನು ಏನು ಮಾಡುವುದೆಂಬ ಪ್ರಶ್ನೆ ಉಳಿಯಿತು. ವಾಪಸು ಕಳಿಸಿದರೆ ಲೆಕ್ಕ ತಪ್ಪುತ್ತದೆ. ಮೆಟ್ಟಿಲ ತಿರುವಿನಲ್ಲಿ ನನ್ನ ಕುರ್ಚಿ ಖಾಲಿಯಿತ್ತು, ನಗದು ತರಬೇತಿ ಅಧಿಕಾರಿಯ ಹುದ್ದೆ ಖಾಲಿ ಬಿಡುವಂತಿಲ್ಲ. ಮೋಟಾರಿಗೆ ಮೊಹರು ಒತ್ತಿ ಆ ಕುರ್ಚಿಯ ಮೇಲೆ ಕೂರಿಸಿದ್ದಾರೆ. ಗಲ್ಲಾದ ಹುಡುಗಿ ಮೊನ್ನೆ ಸಿಕ್ಕಾಗ ಹೇಳಿದಳು, ಹೊಸ ಸಾಹೇಬರು ಬಹಳ ಒಳ್ಳೆಯವರಂತೆ, ಯಾರಿಗೂ ಗದರುವುದಿಲ್ಲವಂತೆ, ಯಾವ ಹಳೆಯ ನೋಟು ತೋರಿಸಿದರೂ ಬೇಡ ಎನ್ನುವುದಿಲ್ಲವಂತೆ. ಬರುವ ವರ್ಷ ಬಡ್ತಿಯಿದೆ ಎಂದು ಸುದ್ದಿ. ನನಗೇನೂ ಹೊಟ್ಟೆಕಿಚ್ಚಿಲ್ಲ. ಈ ವಿಷಯದಲ್ಲಿ ಇನ್ನೂ ಕೆಲವು ಮಾತು ಬರೆಯುವುದಿತ್ತು, ಆದರೆ ನೀಲಿ ದೀಪ ಹತ್ತಿದೆ.